ಗುಲಗಂಜಿ ವಿಷಕ್ಕೆ ವಿಳಾಸದ ಚೀಟಿ! ದಮ್ಮಿನ ಮದ್ದಿಗೂ ಅದೇ ದಾರಿ

ಚೋರನೂರು: ಗುಲಗಂಜಿ ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ? ಕೆಂಪು ಮೈ, ಕರಿ ಕಣ್ಣು. ಹಿಂದೆ ಪತ್ತಾರರು ಬಂಗಾರ ತೂಗಿದ್ದು ಇದರಲ್ಲೇ. ಇಷ್ಟು ಚಂದದ ಬೀಜದೊಳಗೆ ಆಳನ್ನೇ ಉರುಳಿಸುವ ವಿಷ ಇದೆ. ಅದರ ಹೆಸರು ಅಬ್ರಿನ್.

ಈ ವಿಷವನ್ನೇ ಮದ್ದಿನ ಕೆಲಸಕ್ಕೆ ಹಚ್ಚಲು ಹೊರಟವರು ದೂರದವರಲ್ಲ. ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಂಜಲಿ ಕರಂಡೆ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು.

ವಿಷಕ್ಕೆ ಎರಡು ಕೈ

ಅಬ್ರಿನ್‌ನಲ್ಲಿ ಎರಡು ತುಂಡು. ಒಂದು ಜೀವಕೋಶದ ಮೈಗೆ ಅಂಟಿಕೊಂಡು ಒಳಗೆ ದಾರಿ ಮಾಡುತ್ತದೆ. ಇನ್ನೊಂದು ಒಳಹೊಕ್ಕು, ಪ್ರೋಟೀನು ತಯಾರಿಸುವ ಕಾರ್ಖಾನೆಯನ್ನೇ ಬಂದ್ ಮಾಡುತ್ತದೆ. ಕೋಶ ಸಾಯುತ್ತದೆ. ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದ ಅದಕ್ಕಿಲ್ಲ.

ಇಲ್ಲೇ ಬರುವುದು ಆಂಟಿಬಾಡಿ. ಇದು ನಮ್ಮ ರಕ್ತದ ಕಾವಲುಗಾರ. ಒಂದೊಂದು ಆಂಟಿಬಾಡಿ ಒಂದೊಂದೇ ಗುರುತನ್ನು ಹಿಡಿಯುತ್ತದೆ. ಅಂಟುವ ತುಂಡನ್ನು ತೆಗೆದು, ಕೊಲ್ಲುವ ತುಂಡಿಗೆ ಆಂಟಿಬಾಡಿ ಜೋಡಿಸಿದರೆ? ಬಸ್ಸಿಗೆ ಹಾಕಿದ ಪಾರ್ಸಲ್ಲಿಗೆ ವಿಳಾಸದ ಚೀಟಿ ಅಂಟಿಸಿದ ಹಾಗೆ. ಬರೆದ ಮನೆಗೇ ಹೋಗಿ ಮುಟ್ಟಬೇಕು.

2013ರಲ್ಲಿ ಕರಂಡೆಯವರ ಲ್ಯಾಬು ಹೀಗೆ ಜೋಡಿಸಿದ ವಿಷದ ಪ್ರಯೋಗ ಪ್ರಕಟಿಸಿತು. ಕೆಲವು ಕ್ಯಾನ್ಸರ್ ಕೋಶಗಳ ಮೈಮೇಲಿನ ಒಂದು ಗುರುತೇ ಅದರ ಗುರಿ. ಅದಕ್ಕೂ ಮುಂಚೆ, 2008ರಲ್ಲಿ, ಅಬ್ರಿನ್ನನ್ನೇ ಕಟ್ಟಿಹಾಕುವ ಆಂಟಿಬಾಡಿ ಇಲಿಗಳ ಜೀವ ಉಳಿಸಿದ್ದನ್ನು ತೋರಿಸಿತ್ತು. ಎರಡೂ ಲ್ಯಾಬಿನ ಕೆಲಸ. ಔಷಧಿ ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ.

ದಮ್ಮಿಗೇನು ಸಂಬಂಧ?

ಇದೆ ಸ್ವಾಮಿ. ಅಲರ್ಜಿಯ ದಮ್ಮಿನಲ್ಲಿ ಕಾವಲುಗಾರನೇ ತಲೆಕೆಟ್ಟವ. ಹೂವಿನ ಪರಾಗ, ಮನೆ ಧೂಳು ಸೋಕಿದರೂ ಕಳ್ಳ ಬಂದ ಅಂತ ಕೂಗೆಬ್ಬಿಸುತ್ತಾನೆ. ಉಸಿರಿನ ಕೊಳವೆ ಬಿಗಿದು ಎದೆ ಸುಂಯ್‌ಗುಡುತ್ತದೆ. ಈ ತಲೆಕೆಟ್ಟ ಆಂಟಿಬಾಡಿಯ ಹೆಸರು ಐಜಿಇ. 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಅದನ್ನು ಪತ್ತೆ ಹಚ್ಚಿದ್ದು ಜಪಾನಿನ ಇಶಿಜಾಕಾ ದಂಪತಿ.

2003ರಲ್ಲಿ ಅಮೆರಿಕ ಸರ್ಕಾರ ಒಪ್ಪಿದ ಒಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್ನು ಆ ಐಜಿಇಯನ್ನು ಹಿಡಿದು ಕೂರಿಸುವ ಇನ್ನೊಂದು ಆಂಟಿಬಾಡಿ. ಇದರಲ್ಲಿ ವಿಷ ಇಲ್ಲ, ವಿಳಾಸ ಮಾತ್ರ. ಎರಡು ಇಲ್ಲವೆ ನಾಲ್ಕು ವಾರಕ್ಕೊಮ್ಮೆ ಚುಚ್ಚಬೇಕು. ಬೆಲೆ ದುಬಾರಿ. ದಮ್ಮಿನವರ ಪೈಕಿ, ಮಾಮೂಲಿ ಮದ್ದಿಗೆ ಜಗ್ಗದ ಅಲರ್ಜಿ ದಮ್ಮು ಇರುವವರಿಗಷ್ಟೇ ಇದು.

ಹಾಗಾದರೆ ಚೋರನೂರಿನವರ ಪಾಡೇನು?

ಹೆಚ್ಚಿನವರಿಗೆ ಇಂಜೆಕ್ಷನ್ ಬೇಕಾಗಿಯೇ ಇಲ್ಲ, ಇನ್ಹೇಲರ್ ಸಾಕು. 'ಪಂಪು ಹಿಡಿದರೆ ಚಟ ಹತ್ತುತ್ತೆ' ಅನ್ನೋದು ಬರೀ ಸುಳ್ಳು. ಮದ್ದು ನೇರ ಕೊಳವೆಗೇ ಹೋಗುವುದರಿಂದ ಅತಿ ಕಡಿಮೆ ಪ್ರಮಾಣ ಸಾಕಾಗುತ್ತದೆ. ಡಾಕ್ಟರು ದಿನಾ ಎಳೆಯಲು ಹೇಳಿದ ಪಂಪನ್ನು, ಉಸಿರು ಸಲೀಸಾಯಿತೆಂದು ಮೂಲೆಗೆ ಒಗೆಯುವುದೇ ದೊಡ್ಡ ತಪ್ಪು. ಮುಂದಿನ ಚಳಿಗೋ, ಕಣದ ಹೊಟ್ಟಿಗೋ, ರಸ್ತೆ ಧೂಳಿಗೋ ದಮ್ಮು ಮರಳಿ ಬರುತ್ತದೆ. ಮಾತಾಡಲೂ ಉಸಿರು ಸಾಲದಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತು. ವಿಜ್ಞಾನಿಗಳು ಮುಟ್ಟಿದರು ಎಂದು ಯಾರೂ ಗುಲಗಂಜಿ ಅರೆದು ಕುಡಿಯಬಾರದು. ಸಿಪ್ಪೆ ಗಟ್ಟಿ ಇರುವುದರಿಂದ ಇಡೀ ಬೀಜ ನುಂಗಿದವರು ಎಷ್ಟೋ ಸಲ ಪಾರಾಗುತ್ತಾರೆ, ಅಗಿದರೆ ಕಷ್ಟ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಮನೆಮದ್ದು ಬೇಡ, ಸೀದಾ ಆಸ್ಪತ್ರೆ. ಈ ವಿಷ ಇಳಿಸುವ ಮದ್ದು ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ.