ಕಟ್ಟಡದ ಕಾಮಗಾರಿಯೂ ತಂತ್ರಾಂಶದ ಆಯ್ಕೆಯೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಹಿರಿಯರ ಮಾತನ್ನು ಕೇಳದವರಿಲ್ಲ. ಮನೆಯೊಂದರ ಪಾಡೇ ಹೀಗಾದರೆ ರೈಲುಮಾರ್ಗದ ಪಾಡೇನು? ಕನ್ನಡದ ಉಪಾಧ್ಯಾಯನಾಗಿ ನಾನು ಬಂದು ನೆಲೆಸಿರುವ ಕಲ್ಕತ್ತೆಯ ಡಮ್ ಡಮ್‌ನಲ್ಲಿ ಈ ಪ್ರಶ್ನೆ ಪದೇ ಪದೇ ಏಳುತ್ತದೆ. ಇಲ್ಲಿಂದ ಬೆಲ್ಗಾಛಿಯಾದವರೆಗೆ ಮೆಟ್ರೊ ರೈಲು ಓಡತೊಡಗಿದುದು 1984ರ ನವೆಂಬರಿನಲ್ಲಿ. ನೋವಾಪಾಡಾದಿಂದ ಡಮ್ ಡಮ್ ಕಂಟೋನ್ಮೆಂಟಿನ ಮಾರ್ಗವಾಗಿ ವಿಮಾನನಿಲ್ದಾಣದ ಶಾಖೆ ಉದ್ಘಾಟನೆಗೊಂಡುದು 2025ರ ಆಗಸ್ಟ್ 22ರಂದು.

ಇಂತಹ ಕಾಮಗಾರಿಯಲ್ಲಿ ಹಣ ಹಾಕುವವರು ಒಬ್ಬರು, ನಕ್ಷೆ ರಚಿಸುವವರು ಮತ್ತೊಬ್ಬರು, ಗುತ್ತಿಗೆ ಹಿಡಿದವರು ಇನ್ನೊಬ್ಬರು. ಅವರ ಕೈಕೆಳಗೆ ಕಂಬಿ ಕಟ್ಟುವ, ಗಾರೆ ಬಳಿಯುವ, ತಂತಿ ಎಳೆಯುವ ತುಂಡುಗುತ್ತಿಗೆಯವರು. ಈ ವ್ಯವಹಾರಗಳಿಗೆಲ್ಲ ಇಂದು ತಂತ್ರಾಂಶಗಳಿವೆ. ಆದರೆ ಎಲ್ಲರಿಗೂ ಒಂದೇ ಒಗ್ಗದು. ಏಕೆಂದರೆ ಕಟ್ಟಡ ಒಂದೇ ಆದರೂ ಅವರವರು ಅದನ್ನು ಕೇಳುವ ಪ್ರಶ್ನೆ ಬೇರೆ.

ಕಟ್ಟಿಸುವವರ ಪ್ರಶ್ನೆಗೆ ನಮ್ಮ ನಾಡಿನಲ್ಲೇ ನಿದರ್ಶನವುಂಟು. ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ‘ಗಾಂಧಿ ಸಾಕ್ಷಿ ಕಾಯಕ’ ತಂತ್ರಾಂಶವು ಕಾಮಗಾರಿಯು ಕ್ರಿಯಾಯೋಜನೆಯಲ್ಲಿತ್ತೇ, ಬಿಲ್ಲು ಪಾವತಿಯಾಯಿತೇ ಎಂಬುದನ್ನು ನೋಡುತ್ತದೆ. ನಾಳೆ ಎಷ್ಟು ಮೂಟೆ ಸಿಮೆಂಟು ಬೇಕೆಂಬುದು ಅದರ ಚಿಂತೆಯಲ್ಲ.

ಮುಖ್ಯ ಗುತ್ತಿಗೆದಾರನಿಗಾದರೋ ಕೆಲಸಗಳ ಅನುಕ್ರಮವೇ ಪ್ರಾಣ. ತಾರಸಿಗೆ ಕಾಂಕ್ರೀಟು ಹಾಕುವ ಮೊದಲೇ ವಿದ್ಯುತ್ತಿನ ಕೊಳವೆಗಳನ್ನು ಹುದುಗಿಸಬೇಕು. ಅದು ಒಂದು ದಿನ ತಡವಾದರೆ ಇಡೀ ಕಟ್ಟಡವೇ ಒಂದು ದಿನ ತಡ. ಕಾಂಪೌಂಡಿನ ಗೋಡೆಗೆ ಸುಣ್ಣ ಹಚ್ಚುವುದು ವಾರ ತಡವಾದರೂ ಬೇರಾವ ಕೆಲಸವೂ ನಿಲ್ಲದು. ಹೀಗೆ ತಡವನ್ನು ಸಹಿಸದ ಕೆಲಸಗಳ ಸರಪಳಿಯನ್ನು ಲೆಕ್ಕದಿಂದ ಗುರುತಿಸುವ ವಿಧಾನವು 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ರೂಪುಗೊಂಡಿತು. ಪ್ರಿಮವೆರಾದಂತಹ ತಂತ್ರಾಂಶಗಳು ಮಾಡುವುದು ಮುಖ್ಯವಾಗಿ ಈ ಲೆಕ್ಕವನ್ನೇ. ನಕ್ಷೆಗಾರರಿಗೆ ಇದಕ್ಕಿಂತಲೂ ಹೊಸ ನಕ್ಷೆ ಯಾವುದು, ಅದು ಯಾರ ಕೈ ಸೇರಿತು ಎಂಬುದೇ ಮುಖ್ಯ. ಹಳೆಯ ನಕ್ಷೆ ನೋಡಿ ಕಟ್ಟಿದ ಗೋಡೆಯನ್ನು ಒಡೆಯದೆ ಗತಿಯಿಲ್ಲ.

ಇನ್ನು ತುಂಡುಗುತ್ತಿಗೆಯವರ ಮಾತು. ನನ್ನ ನೆರೆಯಲ್ಲಿ ಗಾರೆ ಕೆಲಸದ ಗುತ್ತಿಗೆದಾರರೊಬ್ಬರಿದ್ದಾರೆ. ಅವರ ಬಳಿ ಮುರ್ಷಿದಾಬಾದಿನ ಹನ್ನೆರಡು ಮಂದಿ ‘ರಾಜಮಿಸ್ತ್ರಿ’ಗಳು, ಗಾರೆಯವನನ್ನು ಕರೆಯುವ ಈ ಬಂಗಾಳಿ ಪದ ನನಗೆ ಬಹಳ ಹಿಡಿಸಿದೆ. ದೊಡ್ಡ ಗುತ್ತಿಗೆದಾರರು ಬಳಸುವ ತಂತ್ರಾಂಶವನ್ನೇ ತಾವೂ ವರ್ಷದ ಚಂದಾ ತೆತ್ತು ಕೊಂಡರು. ಅದರ ತುಂಬ ಇಂಗ್ಲಿಷು. ಅಂಕಿ ತುಂಬಲು ಗುಮಾಸ್ತನಿಲ್ಲ. ಬಳಿದ ಗೋಡೆಯ ಅಳತೆ ಎಲ್ಲಿಯೂ ದಾಖಲಾಗದೆ ಬಿಲ್ಲು ಹಿಂದಿರುಗಿತು. ಹನ್ನೆರಡು ಮನೆಗಳಿಗೆ ಎರಡು ವಾರ ಹಣ ಹೋಗಲಿಲ್ಲ. ಅವರಿಗೆ ಬೇಕಾಗಿದ್ದುದು ಹಾಜರಿ, ಚದರಡಿಯ ಅಳತೆ, ಬರಬೇಕಾದ ಹಣ, ಭದ್ರತೆಗೆಂದು ಹಿಡಿದಿಟ್ಟ ಹಣ, ಇಷ್ಟೇ. ಈಗ ಮೊಬೈಲಿನಲ್ಲಿಯೇ ಒಂದು ಕೋಷ್ಟಕ ಮಾಡಿಕೊಂಡು ಬಂಗಾಳಿಯಲ್ಲಿ ಬರೆದಿಡುತ್ತಾರೆ. ಸಂಜೆ ಮೇಸ್ತ್ರಿಯ ಮುಂದೆಯೇ ಓದುತ್ತಾರೆ.

ಆದುದರಿಂದ ಮಾರಲು ಬಂದವನು ತೋರಿಸುವ ಬಣ್ಣದ ಚಿತ್ರಗಳಿಗೆ ಮರುಳಾಗದೆ, ಪ್ರತಿದಿನ ಇದರಲ್ಲಿ ಬರೆಯುವವನು ಯಾರು, ಅವನ ಭಾಷೆಯಲ್ಲಿ ಬರೆಯಬಹುದೇ, ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲದಾಗಲೂ ನಡೆಯುವುದೇ ಎಂದು ವಿಚಾರಿಸಬೇಕು. ಚಂದಾ ನಿಲ್ಲಿಸಿದ ದಿನ ನಮ್ಮ ಲೆಕ್ಕ ನಮ್ಮ ಕೈಗೆ ಬರುವುದೇ ಎಂಬುದನ್ನಂತೂ ಬರವಣಿಗೆಯಲ್ಲಿಯೇ ಪಡೆಯಬೇಕು. ಎರಡು ಕೊಠಡಿ ಕಟ್ಟಿಸುವ ಶಾಲೆಯ ಆಡಳಿತ ಮಂಡಳಿಯೂ ಒಂದು ಮಾಲಿಕನೇ. ಅದಕ್ಕೆ ಪ್ರಿಮವೆರಾ ಬೇಡ. ಅಳತೆಯ ಪುಸ್ತಕವೊಂದು, ಖರ್ಚಿನ ಕೋಷ್ಟಕವೊಂದು, ವಾರಕ್ಕೊಮ್ಮೆ ತೆಗೆದ ಛಾಯಾಚಿತ್ರ, ಇಷ್ಟಿದ್ದರೆ ಸಾಕು.