ಬಾರಕೂರಿನ ಹಲರು

ಪುರಭವನವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅಗಲವಾದ ಮೆಟ್ಟಿಲುಗಳ, ಎತ್ತರವಾದ ಕಂಬಗಳ ಒಂದು ಕಟ್ಟಡ. ಮೈಸೂರಿನ ರಂಗಾಚಾರ್ಲು ಸ್ಮಾರಕ ಭವನ 1884ರ ಕಾಲದ್ದು. ಬೆಂಗಳೂರಿನ ಸರ್ ಪುಟ್ಟಣ್ಣಚೆಟ್ಟಿ ಪುರಭವನ 1935ರಲ್ಲಿ ಬಾಗಿಲು ತೆರೆಯಿತು. ಇವುಗಳ ಮುಂದೆ ನಿಂತ ಪ್ರವಾಸಿಯು ತಲೆಯೆತ್ತಿ ನೋಡಿ, ಒಂದು ಊರು ತನ್ನ ಗೌರವವನ್ನು ಕಲ್ಲುಗಾರೆಗಳಲ್ಲಿ ಹೇಗೆ ಕಟ್ಟಿ ನಿಲ್ಲಿಸಿತೆಂಬುದನ್ನು ಕಂಡು ಸಂತೋಷಪಡುತ್ತಾನೆ. ಆದರೆ ಈ ಭವನಗಳು ತಲೆಯೆತ್ತುವುದಕ್ಕೆ ಐದು ಶತಮಾನಗಳಷ್ಟು ಮೊದಲೇ, ಊರಿನ ವ್ಯವಹಾರವನ್ನು ಊರಿನವರೇ ಕಲೆತು ನಡೆಸುತ್ತಿದ್ದ ಪಟ್ಟಣಗಳು ನಮ್ಮ ಕರಾವಳಿಯಲ್ಲಿದ್ದವು. ಅವುಗಳಲ್ಲಿ ಮುಖ್ಯವಾದುದು ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರು. ಅಲ್ಲಿಗೆ ಹೋಗಿ, ‘ಹಳೆಯ ಪಟ್ಟಣದ ಸಭಾಭವನ ಎಲ್ಲಿದೆ?’ ಎಂದು ಕೇಳಿದರೆ, ‘ಅಂಥದು ಇಲ್ಲಿ ಇಲ್ಲವಲ್ಲ!’ ಎಂಬ ಉತ್ತರವೇ ದೊರೆಯುವುದು. ಆ ಉತ್ತರ ಸುಳ್ಳಲ್ಲ. ಆದರೆ ಅದರಲ್ಲಿರುವುದು ಅರ್ಧ ಸತ್ಯ ಮಾತ್ರ.

ಬ್ರಹ್ಮಾವರದಲ್ಲಿ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ಬಾರಕೂರು ಕೆಲವೇ ಕಿಲೋಮೀಟರುಗಳ ದೂರ. ಪಕ್ಕದಲ್ಲಿ ಸೀತಾನದಿ. ತೆಂಗು ಕಂಗುಗಳ ತೋಟ, ಗದ್ದೆಯ ಬಯಲು, ನಡುನಡುವೆ ಪಾಗಾರ ಹಾಕಿದ ಮನೆಗಳು. ಒಂದು ಕಾಲಕ್ಕೆ ಇದು ರಾಜಧಾನಿಯಾಗಿತ್ತೆಂದು ಮೊದಲ ನೋಟಕ್ಕೆ ಯಾರೂ ಊಹಿಸಲಾರರು. ಆಳುಪ ಅರಸರು ಇಲ್ಲಿಂದ ತುಳುನಾಡನ್ನು ಆಳಿದರು. ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಇಲ್ಲಿಂದಲೇ ಆಳ್ವಿಕೆ ನಡೆಸಿದಳು. ವಿಜಯನಗರದ ಕಾಲದಲ್ಲಿ ತುಳುನಾಡು ಬಾರಕೂರು ರಾಜ್ಯ, ಮಂಗಳೂರು ರಾಜ್ಯವೆಂದು ಎರಡಾಗಿತ್ತು. ಬಾರಕೂರಿನಲ್ಲಿ ವರ್ಷದ ದಿನಕ್ಕೊಂದರಂತೆ 365 ದೇವಾಲಯಗಳಿದ್ದವೆಂದು ಜನ ಹೇಳುತ್ತಾರೆ. ಎಣಿಸಿದವರು ಯಾರೋ ತಿಳಿಯದು. ಆದರೆ ಬಾರಕೂರಿನಲ್ಲಿ ಅರ್ಧ ದಿನ ಸುತ್ತಾಡಿದವರು ಆ ಮಾತನ್ನು ನಗೆಯಾಡುವುದಿಲ್ಲ.

ಊರಿನ ಹಿಂದಿನ ವಿನ್ಯಾಸವು ಇಂದಿಗೂ ಹೆಸರುಗಳಲ್ಲಿ ಉಳಿದಿದೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ—ದಾರಿ ಕೇಳುವವನ ಬಾಯಲ್ಲಿ ಇವು ಬರಿಯ ಗುರುತಿನ ಹೆಸರುಗಳು. ಇತಿಹಾಸ ಬಲ್ಲವನಿಗೆ ಇವು ಒಂದು ನಗರಾಡಳಿತದ ಅಂಗಗಳು. ಬಾರಕೂರಿನಲ್ಲಿ ಹತ್ತು ಕೇರಿಗಳಿದ್ದುದಾಗಿ ಶಾಸನಗಳು ತಿಳಿಸುತ್ತವೆ. ಆ ಕೇರಿಗಳ ಪ್ರಮುಖರು ಕೂಡಿ ಊರಿನ ಸಭೆ ನಡೆಸುತ್ತಿದ್ದರು. ಆ ಸಭೆಗೆ ಶಾಸನಗಳು ಕೊಟ್ಟಿರುವ ಹೆಸರು ‘ಹಲರು’. ಹಲವರು ಎಂದಷ್ಟೇ ಅದರ ಅರ್ಥ. ಪದವಿಯ ಬಿರುದಿಲ್ಲ, ಅಧಿಕಾರದ ಠೀವಿಯಿಲ್ಲ. ಒಬ್ಬನಲ್ಲ, ಹಲವರು ಎಂಬುದೇ ಆ ಸಭೆಯ ಹೆಸರು. ನಗರಸಭೆಗೆ ಇದಕ್ಕಿಂತ ಒಪ್ಪುವ ಕನ್ನಡ ಶಬ್ದ ಇನ್ನೊಂದು ಸಿಕ್ಕುವುದು ಕಷ್ಟ.

ಹಲರ ಜೊತೆಗೆ ವರ್ತಕರ ಕೂಟಗಳೂ ಇದ್ದವು. ಅವುಗಳಲ್ಲಿ ‘ನಖರ’ ಒಂದು, ‘ಹಂಜಮಾನ’ ಇನ್ನೊಂದು. ‘ನಖರ’ವು ನಗರ ಶಬ್ದದಿಂದ ಬಂದುದು. ‘ಹಂಜಮಾನ’ವು ಪಾರಸಿಯ ‘ಅಂಜುಮನ್’ ಎಂಬ ಮಾತಿನ ಕನ್ನಡ ರೂಪ. ಹಡಗೇರಿ ಬಂದು ನೆಲೆಸಿದ ಹೊರನಾಡಿನ ವ್ಯಾಪಾರಿಗಳ ಕೂಟವದು. ಕಡಲಾಚೆಯ ಒಂದು ಶಬ್ದವು ಕನ್ನಡದ ಶಾಸನಗಳಲ್ಲಿ ಮನೆಯ ಮಾತಿನಂತೆ ಕುಳಿತಿರುವುದನ್ನು ಕಂಡಾಗ, ಆ ಕಾಲದ ರೇವುಪಟ್ಟಣದ ಸದ್ದುಗದ್ದಲವು ಕಿವಿಗೆ ಕೇಳಿಸಿದಂತಾಗುತ್ತದೆ. ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು 1342ರ ಸುಮಾರಿಗೆ ಈ ತೀರದಲ್ಲಿ ಸಾಗಿದಾಗ, ‘ಫಾಕನೂರ್’ ಎಂಬ ದೊಡ್ಡ ಪಟ್ಟಣವನ್ನು ಹೆಸರಿಸಿ, ಅಲ್ಲಿನ ಕಬ್ಬನ್ನು ಹೊಗಳಿದ್ದಾನೆ. ಅದು ಬಾರಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಅದೇ ಕಾಲದ ಇಟಲಿಯ ಸಿಯೆನಾ ನಗರವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಒಂಬತ್ತು ಮಂದಿಯ ಸಭೆ ನಗರವನ್ನು ಆಳುತ್ತಿತ್ತು. ಅವರು ಕೂಡುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಲೊರೆಂಜೆಟ್ಟಿ ಎಂಬ ಚಿತ್ರಕಾರನು 1338–39ರಲ್ಲಿ ಒಳ್ಳೆಯ ಆಡಳಿತದ ಫಲವನ್ನೂ ಕೆಟ್ಟ ಆಡಳಿತದ ಫಲವನ್ನೂ ಬಣ್ಣಗಳಲ್ಲಿ ಬಿಡಿಸಿದನು. ಇಂದಿಗೂ ಜನ ಚೀಟಿ ಕೊಂಡು ಅದನ್ನು ನೋಡಿ ಬರುತ್ತಾರೆ. ಅಷ್ಟು ದೂರ ಏಕೆ? ತಮಿಳುನಾಡಿನ ಉತ್ತರಮೇರೂರಿನಲ್ಲಿ, ಸಭೆಗೆ ಸದಸ್ಯರನ್ನು ಚೀಟಿಯೆತ್ತಿ ಆರಿಸುವ ನಿಯಮಗಳನ್ನು ಹತ್ತನೆಯ ಶತಮಾನದಲ್ಲಿ ದೇಗುಲದ ಗೋಡೆಯ ಮೇಲೆಯೇ ಕೆತ್ತಿದ್ದಾರೆ. ಬಾರಕೂರಿನಲ್ಲಿ ಅಂಥ ಕೋಣೆಯೂ ಉಳಿದಿಲ್ಲ, ಗೋಡೆಯೂ ಉಳಿದಿಲ್ಲ. ಉಳಿದಿರುವುದು ದೇವಾಲಯದ ಅಂಗಳ, ಅಂಗಳದಲ್ಲಿ ನಿಂತ ಕಲ್ಲು. ಊರಿನ ದೇವಾಲಯವು ಆಗ ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ದೇವರ ಎದುರಿಗೆ ಆಡಿದ ಮಾತು ತಪ್ಪಬಾರದೆಂಬ ನಂಬಿಕೆಯಿದ್ದುದರಿಂದ, ಊರಿನ ಒಪ್ಪಂದಗಳಿಗೂ ಅದೇ ತಕ್ಕ ನೆಲೆಯಾಯಿತು.

ಆದುದರಿಂದ ಬಾರಕೂರಿನ ಪುರಭವನವನ್ನು ನೋಡಬೇಕೆನ್ನುವವನು ಕಟ್ಟಡವನ್ನಲ್ಲ, ಕಲ್ಲನ್ನು ಹುಡುಕಬೇಕು. ಕತ್ತಲೆ ಬಸದಿಯಿಂದ ಆರಂಭಿಸಿದರೆ ಒಳ್ಳೆಯದು. ಆಳೆತ್ತರದ ಶಾಸನಕಲ್ಲೊಂದರ ಎದುರು ನಿಂತವನಿಗೆ ಮೊದಲು ಕಾಣುವುದು ತಲೆಯ ಭಾಗದ ಕೆತ್ತನೆ: ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರಿರುವ ತನಕ ಈ ಮಾತು ನಡೆಯಲಿ ಎಂಬುದು ಓದು ಬಾರದವನಿಗೂ ಆ ಚಿತ್ರದಿಂದಲೇ ತಿಳಿಯುತ್ತಿತ್ತು. ಕೆಳಗೆ ಬರವಣಿಗೆ. ಅರಸನ ಹೆಸರು, ಬಾರಕೂರಿನಲ್ಲಿದ್ದ ಅವನ ಅಧಿಕಾರಿಯ ಹೆಸರು, ತಿಥಿ ವಾರಗಳು. ಬಳಿಕ ಮುಖ್ಯ ವಿಷಯ. ದೇವರ ದೀಪಕ್ಕೋ ಅನ್ನಸತ್ರಕ್ಕೋ ಯಾರೋ ಭೂಮಿ ಬಿಟ್ಟಿದ್ದಾರೆ. ಅದರ ಎಲ್ಲೆ ಯಾವುದು, ಅದರಿಂದ ಬರುವ ಅಕ್ಕಿ ಎಷ್ಟು ಮುಡಿ, ಹೊನ್ನು ಎಷ್ಟು ಗದ್ಯಾಣ ಎಂಬುದೆಲ್ಲ ಲೆಕ್ಕವಾಗಿ ಬರುತ್ತದೆ. ಮುಡಿಯನ್ನು ಯಾವ ಹಾನೆಯಿಂದ ಅಳೆಯಬೇಕೆಂಬುದನ್ನೂ ಕೆಲವೆಡೆ ಬಿಟ್ಟಿಲ್ಲ. ಅಳತೆಯಲ್ಲಿ ಮೋಸ ನಡೆಯುವ ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು! ಇಂಥ ಧರ್ಮಕಾರ್ಯಗಳಿಗೆ ಹಲರು ಸಾಕ್ಷಿಯಾದರು, ಹೊಣೆಯಾದರು. ಅರಸನ ಅಧಿಕಾರಿ ಬದಲಾಗುತ್ತಾನೆ. ಹಲರು ಊರಿನಲ್ಲೇ ಇರುವವರು. ಅಂದಿನ ಬರಹಗಳ ಕೊನೆಗೆ ಒಪ್ಪ ಹಾಕುವಾಗ ಮನುಷ್ಯರು ತಮ್ಮ ಹೆಸರಿಗೆ ಬದಲಾಗಿ ದೇವರ ಹೆಸರನ್ನು ಬರೆಯುವುದಿತ್ತು. ತಪ್ಪಿ ನಡೆದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪದ ಶಾಪವೂ ಇತ್ತು.

ಹಲರೆಂದರೆ ಊರಿನ ಎಲ್ಲರೂ ಎಂದು ಭಾವಿಸಲಾಗದು. ವರ್ತಕರು, ಭೂಮಿಯುಳ್ಳವರು, ಮನೆತನಸ್ಥರು ಅದರಲ್ಲಿದ್ದರು. ಆ ಅಕ್ಕಿಯನ್ನು ಬೆಳೆದವರ, ಮುಡಿ ಕಟ್ಟಿದವರ, ದೋಣಿಗೆ ಹೊತ್ತವರ ಮಾತಿಗೆ ಅಲ್ಲಿ ಎಡೆಯಿದ್ದಂತೆ ತೋರುವುದಿಲ್ಲ. ಹೆಂಗಸರು ದಾನಿಗಳಾಗಿ ಶಾಸನಗಳಲ್ಲಿ ಬರುತ್ತಾರೆ, ಸಭಿಕರಾಗಿ ಅಲ್ಲ. ಹಾಗಿದ್ದರೂ, ಅರಸನೊಬ್ಬನ ಮಾತೇ ಎಲ್ಲವೂ ಆಗಿದ್ದ ಕಾಲವೆಂದು ನಾವು ತಿಳಿದಿರುವ ಕಾಲದಲ್ಲಿ, ಹಲವರ ಒಪ್ಪಿಗೆಗೆ ಬೆಲೆಯಿತ್ತೆಂಬುದು ಸಣ್ಣ ಸಂಗತಿಯಲ್ಲ.

ಕುಂದಾಪುರದ ಸಮೀಪದ ಬಸರೂರಿನಲ್ಲಿಯೂ ಇದೇ ವ್ಯವಸ್ಥೆಯಿತ್ತು. ಅಲ್ಲಿನ ಪಡುವಕೇರಿ, ಮೂಡುಕೇರಿಗಳ ಸೆಟ್ಟಿಕಾರರು ಅಕ್ಕಿಯ ವ್ಯಾಪಾರದಿಂದ ಎಷ್ಟು ಪ್ರಬಲರಾಗಿದ್ದರೆಂದರೆ, ಅವರು ದೊರೆಗೆ ಕಪ್ಪ ಕೊಟ್ಟು ತಮ್ಮನ್ನು ತಾವೇ ಆಳಿಕೊಳ್ಳುತ್ತಾರೆಂದು ಪೋರ್ತುಗೀಜರು ಬರೆದಿಟ್ಟರು. ಆ ಪೋರ್ತುಗೀಜರೇ 1569ರಲ್ಲಿ ಬಸರೂರಿನ ಮೇಲೆ ಹಿಡಿತ ಸಾಧಿಸಿದರು. 1665ರಲ್ಲಿ ಶಿವಾಜಿಯ ಹಡಗುಪಡೆ ಬಂದು ಊರನ್ನು ಸೂರೆಮಾಡಿತು. ವ್ಯಾಪಾರ ಬೇರೆ ರೇವುಗಳಿಗೆ ಸರಿಯಿತು. ಹಲರ ಕೂಟಗಳೂ ಕರಗಿದವು.

ಕಲ್ಲುಗಳು ಮಾತ್ರ ಉಳಿದವು, ಅವೂ ಎಲ್ಲವೂ ಅಲ್ಲ. ಬಾರಕೂರು, ಬಸರೂರುಗಳ ಅನೇಕ ಶಾಸನಗಳನ್ನು ಸರಕಾರದ ಶಾಸನ ಇಲಾಖೆಯವರು ಅಚ್ಚೊತ್ತಿ ತೆಗೆದು ‘ದಕ್ಷಿಣ ಭಾರತದ ಶಾಸನಗಳು’ ಎಂಬ ಮಾಲೆಯಲ್ಲಿ ಪ್ರಕಟಿಸಿದ್ದಾರೆ. ಓದುವವರ ಕೈಗೆ ಸಿಗುವ ಮೊದಲೇ ಬಾವಿಕಟ್ಟೆಗೆ, ಬಟ್ಟೆ ಒಗೆಯುವುದಕ್ಕೆ, ಪಾಗಾರದ ಬುಡಕ್ಕೆ ಸೇರಿದ ಕಲ್ಲುಗಳ ಲೆಕ್ಕ ಇಡುವವರಿಲ್ಲ. ಜೀರ್ಣೋದ್ಧಾರದ ಹುರುಪಿನಲ್ಲಿ ಶಾಸನಕ್ಕೆ ಸುಣ್ಣ ಬಳಿಯುವುದು, ಬಣ್ಣ ಹಚ್ಚುವುದು, ಸಿಮೆಂಟಿನಲ್ಲಿ ಅರ್ಧ ಹೂಳುವುದು ನಾಡಿನಲ್ಲಿ ಅಪರೂಪವಲ್ಲ. ಭಕ್ತಿಯಿಂದ ಮಾಡಿದ ಕೆಲಸವಾದರೂ ಅಕ್ಷರಕ್ಕೆ ಅದು ಮೃತ್ಯು.

ನೋಡಲು ಹೋಗುವವರು ನಡುಹಗಲನ್ನು ಬಿಡಬೇಕು. ನೆತ್ತಿಯ ಬಿಸಿಲಿನಲ್ಲಿ ಕಲ್ಲು ಬರಿಯ ಕಲ್ಲಾಗಿಯೇ ಕಾಣುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲು ಬಿದ್ದಾಗ ಪ್ರತಿಯೊಂದು ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಸುಣ್ಣದ ಕಡ್ಡಿಯಿಂದ ತೀಡುವುದಾಗಲಿ, ಎಣ್ಣೆ ಸವರುವುದಾಗಲಿ ಬೇಡ. ವಿಜಯನಗರದ ಕಾಲದ ಲಿಪಿ ಇಂದಿನ ಕನ್ನಡಕ್ಕೆ ಬಹಳ ಹತ್ತಿರವಾದುದು. ತಾಳ್ಮೆಯಿಂದ ಒಂದೊಂದೇ ಸಾಲನ್ನು ಹಿಡಿದು ಹೋದರೆ, ಶಾಸನವನ್ನು ಓದಲು ಕಲಿಯದ ಹುಡುಗನೂ ಎಲ್ಲಾದರೊಂದು ಕಡೆ ಹ, ಲ, ರು ಎಂಬ ಮೂರು ಅಕ್ಷರಗಳನ್ನು ಒಟ್ಟಿಗೆ ಗುರುತಿಸಬಲ್ಲನು.