ಹೊಲದ ಮಣ್ಣು, ಕೆರೆಯ ಹೂಳು

ವೈಟ್‌ಫೀಲ್ಡಿನ ಆಸುಪಾಸಿನಲ್ಲಿ ಕಟ್ಟಡಕ್ಕೆಂದು ನೆಲ ಅಗೆದಿರುವ ಕಡೆ, ಜೋರು ಮಳೆಯೊಂದು ಬಿದ್ದ ಮೇಲೆ ರಸ್ತೆಬದಿಯ ಮೋರಿಯನ್ನು ನೋಡಬೇಕು. ನೀರು ಅಂಬಲಿಯಷ್ಟು ಮಂದವಾಗಿ, ಕೆಂಪಾಗಿ ಹರಿಯುತ್ತಿರುತ್ತದೆ. ಸಣ್ಣಪುಟ್ಟ ಕೆರೆಗಳನ್ನು ಹಾದು ವರ್ತೂರು ಕೆರೆಯನ್ನು ಮುಟ್ಟುವ ನೀರೂ ಇದರಲ್ಲಿ ಉಂಟು. ಈ ಸೀಮೆ ಒಕ್ಕಲುತನದ್ದು. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ. ಭೂಮಿಯನ್ನಿತ್ತವರು ಹತ್ತನೆಯ ಚಾಮರಾಜ ಒಡೆಯರು.

ಮಳೆಯ ಹನಿ ನೋಡಲು ಮೃದು; ಬೋಳು ನೆಲಕ್ಕೆ ಅದು ಸುತ್ತಿಗೆಯ ಪೆಟ್ಟು. ಆ ಹೊಡೆತಕ್ಕೆ ಮಣ್ಣಿನ ಹರಳು ಒಡೆದು, ನುಣ್ಣನೆಯ ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ. ನಮ್ಮ ಕೆಮ್ಮಣ್ಣಿನ ಮೈ ಬಹುಬೇಗ ಹೆಪ್ಪುಗಟ್ಟುತ್ತದೆ. ಇಂಗಲಾರದ ನೀರು ಇಳಿಜಾರಿನಲ್ಲಿ ಮೊದಲು ತೆಳುವಾಗಿ ಜಾರುತ್ತದೆ. ಆಮೇಲೆ ಗೀರುಗಳನ್ನು ಕೊರೆಯುತ್ತದೆ. ಗೀರುಗಳು ಕೂಡಿ ಕೊರಕಲಾಗುತ್ತವೆ. ಎಲ್ಲಕ್ಕೂ ಮೊದಲು ಹೊರಟುಹೋಗುವುದು ಸಾರವುಳ್ಳ ಮೇಲ್ಮಣ್ಣು. ಅದು ಒಂದು ಅಂಗುಲ ಕೂಡಿಬರಲು ನೂರಾರು ವರ್ಷ ಬೇಕು.

ಹಿಂದೆ ಮಣ್ಣು ಕೊಚ್ಚಿಹೋಗುತ್ತಿರಲಿಲ್ಲವೆಂದಲ್ಲ. ಉತ್ತು ಬಿಟ್ಟ ರಾಗಿ ಹೊಲದ ಮೇಲೆ ಮುಂಗಾರಿನ ಮಳೆ ಸುರಿದಾಗ ರೈತನೂ ಮಣ್ಣು ಕಳೆದುಕೊಂಡವನೇ. ಆದರೆ ಬದು ಅದನ್ನು ಒಂದಷ್ಟು ತಡೆಯುತ್ತಿತ್ತು. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಹಬ್ಬಿ ನೆಲಕ್ಕೆ ನೆರಳಾಗುತ್ತಿತ್ತು. ತಪ್ಪಿಸಿಕೊಂಡು ಕೆರೆ ಸೇರಿದ ಮಣ್ಣನ್ನು ಬೇಸಗೆಯಲ್ಲಿ ಕೆರೆಗೋಡೆಂದು ಗಾಡಿಯಲ್ಲಿ ತುಂಬಿ ಮತ್ತೆ ಹೊಲಕ್ಕೆ ಹೊಡೆಯುತ್ತಿದ್ದರು. ಕೆಳಗಿಳಿದದ್ದು ಮೇಲೇರುವ ಈ ಲೆಕ್ಕಾಚಾರ ಯಾವ ಕಡತದಲ್ಲೂ ಬರೆದಿಟ್ಟದ್ದಲ್ಲ. ಎತ್ತುಗಳಿಗೆ ಮಾತ್ರ ಅದರ ಭಾರ ಗೊತ್ತಿತ್ತು.

ಈಗ ಆ ಲೆಕ್ಕ ತಪ್ಪಿದೆ. ಪಾಯ ತೋಡಿದ ಮಣ್ಣು ತಿಂಗಳುಗಟ್ಟಲೆ ಹೊದಿಕೆಯಿಲ್ಲದೆ ಗುಡ್ಡೆ ಬಿದ್ದಿರುತ್ತದೆ. ಕಟ್ಟಡವೆದ್ದು ನೆಲಕ್ಕೆ ಕಾಂಕ್ರೀಟು ಬಿದ್ದಮೇಲೆ ಅಲ್ಲಿ ಸವಕಳಿ ನಿಲ್ಲುವುದು ನಿಜ. ಆದರೆ ಇಂಗಲು ಎಡೆಯಿಲ್ಲದ ನೀರು ಇಮ್ಮಡಿ ರಭಸದಿಂದ ಹೊರಟು ಕೆಳಗಿನ ಹಳ್ಳದ ದಂಡೆಗಳನ್ನು ಕೊರೆಯುತ್ತದೆ. ಹೂಳು ತುಂಬಿದಷ್ಟೂ ಕೆರೆ ಹಿಡಿಯುವ ನೀರು ಕಡಮೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಬಡಾವಣೆಗಳು ಮುಳುಗಿದುದಕ್ಕೆ ಕಾಲುವೆಗಳ ಒತ್ತುವರಿಯೊಡನೆ ಇದೂ ಒಂದು ಕಾರಣ.

ಹೂಳೆತ್ತಿದರೆ ಆಯಿತಲ್ಲ ಎನ್ನಬಹುದು. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಆ ಕೆಲಸ ನಡೆದೂ ಇದೆ. ಆದರೆ ಆ ಹೂಳು ಹಳೆಯ ಕೆರೆಗೋಡಲ್ಲ. ದಶಕಗಳ ಕಾಲ ನಗರದ ಕೊಳಚೆ ಬೆರೆತ ಅದನ್ನು ಪರೀಕ್ಷಿಸದೆ ರಾಗಿ ಹೊಲಕ್ಕೆ ಹಾಕುವಂತಿಲ್ಲ. ಆದುದರಿಂದ ತಡೆಯಬೇಕಾದುದು ಮೇಲೆಯೇ: ಅಗೆಯುವ ಮುನ್ನ ಮೇಲ್ಮಣ್ಣನ್ನು ಬೇರೆ ತೆಗೆದಿರಿಸಿ, ರಾಶಿಗೆ ಹುಲ್ಲು ಹೊದಿಸಿ, ನೀರು ನಿವೇಶನ ಬಿಡುವ ಮೂಲೆಯಲ್ಲಿ ಮಣ್ಣು ತಂಗಲು ಒಂದು ಗುಂಡಿ ತೋಡಬೇಕು. ಮೊದಲ ಮಳೆಯ ಮಾರನೆಯ ದಿನವೇ ಆ ಗುಂಡಿ ಅರ್ಧ ತುಂಬಿರುತ್ತದೆ.